ಕಂಪ್ಯೂಟರ್ ಕೋಣೆಯ ಪಂಕ್ತಿಭೇದ

ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಹೋಗುವವರು ಚಪ್ಪಲಿಯನ್ನು ಹೊರಗೇ ಬಿಡಬೇಕೆಂಬ ನಿಯಮವಿದ್ದ ಕಾಲ ಅದು. ಧೂಳು ಹೊಕ್ಕರೆ ಯಂತ್ರ ಕೆಡುತ್ತದೆಂಬುದು ಕಾರಣ. ಆದರೆ ಬಾಗಲಕೋಟೆಯ ನವನಗರದಲ್ಲಿ, ನೆಟ್ಟ ಬೇವಿನ ಸಸಿಗಳು ಇನ್ನೂ ನೆರಳೆಂದರೇನೆಂದು ಅರಿಯದ ಆ ಬಟಾಬಯಲಿನಲ್ಲಿ, ಧೂಳೇನು ಚಪ್ಪಲಿ ಮೆಟ್ಟಿಕೊಂಡೇ ಬರುತ್ತಿತ್ತೇ? ಕಿಟಕಿಯ ಸಂದಿಯಲ್ಲಿ ನುಸುಳಿ, ಸೀರೆಯ ನೆರಿಗೆಯಲ್ಲಿ ಅಡಗಿ, ಮಾಸ್ತರರ ಮೀಸೆಯ ಮೇಲೆ ಸವಾರಿ ಮಾಡಿ ಬರುತ್ತಿತ್ತು. ಆದರೂ ಚಪ್ಪಲಿ ಬಿಟ್ಟು, ಬರಿಗಾಲನ್ನು ಆ ತಣ್ಣನೆಯ ನೆಲದ ಮೇಲೆ ಇಟ್ಟಾಗ, ಉರಿಬಿಸಿಲಿನಲ್ಲಿ ಮಹಾಕೂಟದ ಗುಡಿಯೊಳಗೆ ಕಾಲಿಟ್ಟ ಹಾಗೆ ಮನಸ್ಸು ತಾನಾಗಿಯೇ ತಗ್ಗಿದ ದನಿಗೆ ಇಳಿಯುತ್ತಿತ್ತು. ಗುಡಿಯಲ್ಲಿ ಗಂಟೆಯ ನಾದ, ಇಲ್ಲಿ ಫ್ಯಾನಿನ ಗುಂಯ್‌ಗುಡುವ ಸದ್ದು, ಅಷ್ಟೇ ಅಂತರ.

ನಾನು ಹೇಳಹೊರಟ ಆ ಮಧ್ಯಾಹ್ನ ಬಾಗಿಲ ಮುಂದೆ ನನ್ನದಲ್ಲದೆ ಇನ್ನೂ ನಾಲ್ವರ ಚಪ್ಪಲಿಗಳಿದ್ದವು. ಒಂದು ಜೊತೆ ಸುಮಾಳದು. ಯಂತ್ರದ ಉಸ್ತುವಾರಿ ಅವಳದು. ನನ್ನ ಅಣ್ಣನ ಮಗಳು, ಮನೆಯಲ್ಲಿ ನನ್ನನ್ನು ‘ಕಾಕಾ’ ಎಂದೂ ಕಾಲೇಜಿನಲ್ಲಿ ಬಲು ಎಚ್ಚರದಿಂದ ‘ಸರ’ ಎಂದೂ ಕರೆಯುವವಳು. ಇನ್ನೊಂದು ಜೊತೆ ಭೌತಶಾಸ್ತ್ರದ ದೇಸಾಯರದು. ಅವರಿಗೆ ಆ ಕೋಣೆಯಲ್ಲಿ ಕೆಲಸವಿರಲಿಲ್ಲ, ಅಲ್ಲಿಯ ತಂಪು ಗಾಳಿಯಲ್ಲಿ ಕೆಲಸವಿತ್ತು. ಉಳಿದ ಎರಡು ಜೊತೆ ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳವು. ಹುನಗುಂದದ ಕಡೆಯ ಹಳ್ಳಿಯ ಮಾಳವ್ವ, ಬೀರಪ್ಪದೇವರ ಒಕ್ಕಲಿನ ಕುರುಬರ ಮನೆಯ ಹುಡುಗಿ. ಇಳಕಲ್ಲಿನ ಮಹಾಂತೇಶ, ಮಗ್ಗದ ಮನೆಯ ಹುಡುಗ. ಆ ಶನಿವಾರ ಹೊರಗಿನ ಪರೀಕ್ಷಕರು ಬರುವವರಿದ್ದರು. ಇಬ್ಬರೂ ತಾವು ಬರೆದ ಪ್ರೋಗ್ರಾಮುಗಳು ಓಡಿ ಮುಗಿದು ಉತ್ತರ ಕೊಟ್ಟದ್ದನ್ನು ಅವರಿಗೆ ತೋರಿಸಬೇಕಿತ್ತು. ತೋರಿಸದಿದ್ದರೆ ಮುಂದಿನ ಪರೀಕ್ಷೆಯವರೆಗೆ ಅರ್ಧ ವರ್ಷ ಕಾಯಬೇಕು.

ಮಾಳವ್ವನ ಪ್ರೋಗ್ರಾಮು ಕುರಿಯ ಹಿಂಡಿನ ಹಾದಿಯನ್ನು ಹುಡುಕುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅವಳ ಅಪ್ಪ ಹಿಂಡು ಹೊಡೆದುಕೊಂಡು ಊರೂರು ಅಲೆಯುವಾಗ ಎಲ್ಲಿ ನೀರಿದೆ, ಎಲ್ಲಿ ಮೇವಿದೆ, ಯಾರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸಿಕೊಳ್ಳುತ್ತಾರೆ ಎಂಬುದನ್ನೆಲ್ಲ ತುಂಬಿ, ಯಾವ ಊರಾದ ಮೇಲೆ ಯಾವ ಊರಿಗೆ ಹೋದರೆ ಕಾಲಿಗೆ ಕಡಿಮೆ ದಣಿವು ಎಂದು ಒಂದೊಂದೇ ಹಾದಿಯನ್ನು ನಡೆದು ನೋಡುವ ಕೆಲಸ ಅದು. ಮಹಾಂತೇಶನದು ಸೀರೆಯ ದಡಿಯ ಬಣ್ಣಗಳನ್ನು ಎಷ್ಟು ಬಗೆಯಲ್ಲಿ ಹೊಂದಿಸಬಹುದೆಂದು ಒಂದೊಂದನ್ನೇ ನೇಯ್ದು ಬಿಚ್ಚುವ ಕೆಲಸ. ಎರಡೂ ತಾಳ್ಮೆಯ ಕೆಲಸಗಳು. ಯಂತ್ರಕ್ಕೂ, ಅದರ ಮುಂದೆ ಕೂತವರಿಗೂ.

ನನ್ನದೇನು ಕೆಲಸ ಅಲ್ಲಿ, ಕನ್ನಡದ ಮಾಸ್ತರನಿಗೆ? ನನ್ನ ಭಾಷೆಯೆಲ್ಲ ಹಿರಿಯರ ಬಾಯಿಂದ ಬಂದದ್ದು. ಅಜ್ಜಿ ಜೋಳ ಹಸನು ಮಾಡುತ್ತ ಆಡಿದ್ದು, ಸೋದರಮಾವ ಎತ್ತಿಗೆ ಬೈದದ್ದು, ನೆರೆಮನೆಯ ನೇಕಾರಜ್ಜ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟುಕೊಂಡು ಹೇಳಿದ ಚಾಡಿ, ಇವೇ ನನ್ನ ವ್ಯಾಕರಣ. ಅಂಥ ಹಿರಿಯರು ಒಬ್ಬೊಬ್ಬರಾಗಿ ಎದ್ದು ಹೋಗುವ ಮೊದಲು ಅವರ ಮಾತನ್ನು ಟೇಪಿಗೆ ಹಿಡಿದು, ಬರೆಸಿ, ಯಂತ್ರಕ್ಕೆ ಊಡಿಸಿದ್ದೆ. ಯಾವ ಪದ ಎಷ್ಟು ಸಲ ಬಂತು, ಯಾವ ಪದದ ಪಕ್ಕದಲ್ಲಿ ಕೂತು ಬಂತು ಎಂದು ಎಣಿಸುವ ಪ್ರೋಗ್ರಾಮನ್ನು ಸುಮಾ ಬರೆದುಕೊಟ್ಟಿದ್ದಳು. ಚಹಾದ ಲೋಟವನ್ನು ಹೊರಗಿನ ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಕೆಲಸಕ್ಕೆ ಹಚ್ಚಿದರೆ, ಹೊರಗೆ ಬಂದು ಕುಡಿಯುವಾಗ ಚಹಾ ಇನ್ನೂ ಬಿಸಿ ಇರುತ್ತಿತ್ತು. ಅದರ ಚುರುಕಿಗೆ ನಾನು ಮರುಳಾಗಿದ್ದೆ. ಹೊಸದೊಂದು ಪದ ನೆನಪಾದರೆ ಸಾಕು, ಅದೊಂದಕ್ಕಾಗಿ ಎಲ್ಲವನ್ನೂ ಮೊದಲಿಂದ ಎಣಿಸಲು ಹಚ್ಚುತ್ತಿದ್ದೆ, ಬೆಲ್ಲದ ಹರಳಿಗಾಗಿ ಪದೇ ಪದೇ ಅಡಿಗೆಮನೆಗೆ ಹೋಗುವ ಕೂಸಿನ ಹಾಗೆ.

ಆ ಮಧ್ಯಾಹ್ನವೂ ನನ್ನದು ಮುಗಿದಿತ್ತು. ಮಾಳವ್ವ ಪರದೆಯನ್ನು ದಿಟ್ಟಿಸುತ್ತ ಕೂತಿದ್ದಳು.

“ಏನವ್ವಾ, ಕುರಿ ಇನ್ನೂ ಮನಿಗೆ ಬಂದಿಲ್ಲೇನು?” ಎಂದೆ.

“ಇಲ್ರಿ ಸರ. ನಿನ್ನಿಯಿಂದ ಓಡಾಕತ್ತೈತ್ರಿ. ಇನ್ನೂ ಅಮೀನಗಡ ದಾಟಿಲ್ಲ.”

ಅಲ್ಲಿಗೇ ಸುಮ್ಮನಾಗಬೇಕಿತ್ತು. ಆದರೆ ಮಾಸ್ತರಿಕೆ ಎಂಬುದು ಕೆಮ್ಮಿನಂಥದು, ತಡೆದಷ್ಟೂ ಬರುತ್ತದೆ. “ನೋಡು, ಯಂತ್ರದ ತಪ್ಪು ಏನಿಲ್ಲ. ನೀ ಬರದದ್ರಾಗ ಎಲ್ಲೋ ಸುತ್ತು ಹಾದಿ ಐತಿ. ನಂದು ನೋಡು, ಅಷ್ಟು ಪದ ಇದ್ರೂ ಚಹಾ ಆರೂದ್ರಾಗ ಮುಗೀತೈತಿ. ವಿಚಾರ ನೆಟ್ಟಗಿದ್ರ ಕೆಲಸ ನೆಟ್ಟಗಾಕ್ಕೈತಿ,” ಎಂದು ಉಪದೇಶ ಮಾಡಿದೆ.

“ಹೌದ್ರಿ ಸರ,” ಎಂದಳು ಮಾಳವ್ವ, ತಲೆ ಎತ್ತದೆ. ತಪ್ಪು ಹುಡುಕಲು ತನ್ನ ಪ್ರೋಗ್ರಾಮನ್ನು ಮತ್ತೆ ಮೊದಲಿಂದ ಓದತೊಡಗಿದಳು.

ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ದೇಸಾಯರಿಗೆ ಇದನ್ನು ತಡೆಯಲಾಗಲಿಲ್ಲ. “ಮಾಸ್ತರ, ನಿಮ್ಮದು ಲಗೂ ಮುಗಿಯೂದು ಕನ್ನಡಮ್ಮನ ಪುಣ್ಯ ಅಂತ ತಿಳದೀರೇನು? ನೀವು ಬೀಗರ ಪಂಕ್ತಿಯೊಳಗ ಕುಂತೀರಿ. ನಿಮ್ಮ ಎಲಿ ಮ್ಯಾಲ ತುಪ್ಪದ ತಂಬಿಗಿನ ಮಗಚಿ ಬಿಟ್ಟೈತಿ. ಈ ಹುಡುಗ್ರು ಹಂದರದ ಹೊರಗ ಕುಂತು ಸಾರಿನ ದಾರಿ ಕಾಯಾಕತ್ತಾರ.”

“ದೇಸಾಯಿ ಸರ, ಸುಮ್ನಿರ್ರಿ,” ಎಂದಳು ಸುಮಾ.

“ಏನಿದು ಸುಮಾ?” ಎಂದೆ.

“ಏನಿಲ್ಲ ಬಿಡು ಕಾಕಾ,” ಎಂದವಳು, ನಾಲಿಗೆ ಕಚ್ಚಿಕೊಂಡಳು. ಕಾಲೇಜಿನಲ್ಲಿ ಅವಳ ಬಾಯಿಂದ ‘ಕಾಕಾ’ ಜಾರಿದ್ದು ಅದೇ ಮೊದಲು. ಮಿಕ್ಕದ್ದನ್ನು ಯಾರೂ ಹೇಳಬೇಕಿರಲಿಲ್ಲ, ಆದರೂ ಕೇಳಿ ತಿಳಿದುಕೊಂಡೆ.

ಕೋಣೆಯ ಪರದೆಗಳೆಲ್ಲ ಸೇರಿದ್ದು ಒಂದೇ ದೊಡ್ಡ ಯಂತ್ರಕ್ಕೆ; ಅದು ಯುನಿಕ್ಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಹೊರಗೆ ಕೂತ ನಮಗೆಲ್ಲ ಯಂತ್ರ ಒಂದೇ ಎನಿಸಿದರೂ ಒಳಗೆ ಲೆಕ್ಕ ಹಾಕುವ ಪ್ರೊಸೆಸರುಗಳು ನಾಲ್ಕಿದ್ದವು. ಯಾರೋ ಹುಡುಗ ತಪ್ಪು ಬರೆದು ಎಂದೂ ಮುಗಿಯದ ಕೆಲಸವೊಂದನ್ನು ಹಚ್ಚಿಬಿಟ್ಟರೆ ಕಚೇರಿಯ ಪಗಾರ, ಪರೀಕ್ಷೆಯ ಅಂಕ ಎಲ್ಲವೂ ನಿಲ್ಲುತ್ತಿದ್ದವಂತೆ. ಹಾಗಾಗಬಾರದೆಂದು ಪ್ರಾಚಾರ್ಯರು ಹೇಳಿ, ಸುಮಾ ಅವುಗಳನ್ನು ಎರಡು ಪಾಲು ಮಾಡಿದ್ದಳು. ಇಂಥ ಪಾಲಿಗೆ ಅವರ ಭಾಷೆಯಲ್ಲಿ ‘ಪೂಲ್’ ಎನ್ನುತ್ತಾರೆ. ಕಚೇರಿಯ ಪೂಲಿಗೆ ಮೂರು ಪ್ರೊಸೆಸರು. ಉಳಿದ ಸಕಲರಿಗೂ ಒಂದು. ಓಡುವ ಪ್ರತಿಯೊಂದು ಕೆಲಸವೂ ಯಾವುದಾದರೂ ಒಂದು ಪೂಲಿಗೆ ಸೇರಿರಲೇಬೇಕು. ಎಲ್ಲಿಗೂ ಸೇರಿಸದಿದ್ದರೆ ಅದು ತಾನಾಗಿ ಸಾಮಾನ್ಯರ ಪೂಲಿನಲ್ಲಿ ಬಂದು ಕೂಡುತ್ತದೆ. ವಿದ್ಯಾರ್ಥಿಗಳೆಲ್ಲರ ಕೆಲಸ ಅಲ್ಲಿತ್ತು, ಒಂದೇ ಪ್ರೊಸೆಸರಿನ ಮುಂದೆ ಒಬ್ಬರ ಹೆಗಲ ಮೇಲೊಬ್ಬರು. ತಿಂಗಳ ಕೊನೆ ಬಿಟ್ಟರೆ ಕಚೇರಿಯ ಮೂರೂ ಖಾಲಿ ಕೂತಿರುತ್ತಿದ್ದವು. ಆ ಖಾಲಿ ಪಂಕ್ತಿಯಲ್ಲಿ ಸುಮಾ ತನ್ನ ಕಾಕಾನಿಗೊಂದು ಎಲೆ ಹಾಕಿದ್ದಳು. ನಾನು ನನ್ನ ಹೆಸರು ಹೇಳಿ ಒಳಗೆ ಬಂದರೆ ಸಾಕು, ಯಂತ್ರ ನನ್ನನ್ನು ಎದುರುಗೊಂಡು ನೇರ ಅಲ್ಲಿಗೇ ಒಯ್ದು ಕೂಡಿಸುತ್ತಿತ್ತು.

ಇನ್ನೊಂದು ಸಂಗತಿಯನ್ನೂ ಆಕೆ ಹೇಳಿದಳು. ಒಂದು ಕೆಲಸ ತನ್ನಿಂದ ಇನ್ನೊಂದು ಕೆಲಸವನ್ನು ಹುಟ್ಟಿಸಬಹುದಂತೆ; ಮೊದಲಿನದಕ್ಕೆ ತಾಯಿ, ಹುಟ್ಟಿದ್ದಕ್ಕೆ ಮಗು ಎಂದೇ ಕರೆಯುತ್ತಾರಂತೆ. ತಾಯಿ ಯಾವ ಪೂಲಿನಲ್ಲಿದ್ದಾಳೋ ಮಗುವಿಗೂ ಅದೇ ಪೂಲು. ಆ ಮಗುವಿಗೊಂದು ಮಗುವಾದರೆ ಅದಕ್ಕೂ ಅದೇ. ಕೇಳಿ ನನಗೆ ಮೊದಲು ನಗು ಬಂತು, ಆಮೇಲೆ ನಗು ಬರಲಿಲ್ಲ. ತವರನ್ನೂ ತೊಟ್ಟಿಲನ್ನೂ ಕಾಣದ ಕಬ್ಬಿಣದ ಪೆಟ್ಟಿಗೆಯೊಳಗೂ ಹುಟ್ಟಿದ ಜಾಗವೇ ಎಲೆಯ ಜಾಗವನ್ನು ನಿಶ್ಚಯಿಸುತ್ತದೆಯೇ?

‘ಪಂಕ್ತಿಭೇದ’ ನಾನು ವರ್ಷವರ್ಷವೂ ತರಗತಿಯಲ್ಲಿ ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೆಳಗೆ ಗೆರೆ ಎಳೆದು ವಿವರಿಸುವ ಪದ. ಕೂಡಿ ಕೂತವರಲ್ಲಿ ಒಬ್ಬನಿಗೊಂದು, ಮತ್ತೊಬ್ಬನಿಗೊಂದು ಬಡಿಸುವುದು. ಅದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ಮದುವೆಗಳಲ್ಲಿ ಅಜ್ಜಿ ಬಡಿಸುವವರ ಹಿಂದೆ ಹಿಂದೆಯೇ ನಡೆಯುತ್ತಿದ್ದಳು. ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಕಣ್ಣೊಂದೇ. ನನ್ನ ದೊಡ್ಡಪ್ಪನ ಮಗ ಬಸವರಾಜ ಹೋಳಿಗೆಯ ಬುಟ್ಟಿ ಹಿಡಿದು ತನ್ನ ಮಾವನ ಮುಂದೆ ಒಂದು ಗಳಿಗೆ ಹೆಚ್ಚು ನಿಂತದ್ದಕ್ಕೆ, ನೂರು ಜನರ ಎದುರಿಗೆ, “ಲೇ ಬಸ್ಯಾ, ಮಾವನ ಎಲಿ ಮುಂದ ಬೇರು ಬಿಟ್ಟೀಯೇನು? ಮುಂದ ನಡೀಲೇ,” ಎಂದು ಗದರಿದ್ದಳು. ಬಸವರಾಜನಿಗಿಂತ ಅವನ ಮಾವನೇ ಹೆಚ್ಚು ನಾಚಿ, ಎಲೆಯ ಮೇಲಿದ್ದ ಹೋಳಿಗೆಯನ್ನು ಎಲ್ಲಿ ಅಡಗಿಸಲೆಂದು ತಿಳಿಯದೆ ಒದ್ದಾಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಗ ನಾನು ಕೇಕೆ ಹಾಕಿ ನಕ್ಕಿದ್ದೆ. ಆ ಮಾವ ಬೇಡಿರಲಿಲ್ಲ, ಬಡಿಸಿಕೊಂಡಿದ್ದ. ಬಡಿಸಿಕೊಂಡ ಮೇಲೆ ಬೇಡಲಿಲ್ಲ ಎಂದರೆ ಕೇಳುವವರಾರು? ನನ್ನ ಸ್ಥಿತಿ ಅದಕ್ಕಿಂತ ಹೀನ. ಆತ ಪಕ್ಕದ ಎಲೆಯವನಿಗೆ ‘ನಿನಗೆ ಉಣ್ಣಲು ಬರುವುದಿಲ್ಲ’ ಎಂದು ಉಪದೇಶ ಮಾಡಿರಲಿಲ್ಲ.

“ಸುಮಾ, ನನ್ನನ್ನ ಅಲ್ಲಿಂದ ತಗಿ. ನನ್ನ ಜಾಗಾದಾಗ ಈ ಹುಡುಗೀದು ಕೂಡಸು,” ಎಂದೆ.

ಹೇಳುವಾಗ ನನ್ನೊಳಗೊಂದು ಆಸೆಯಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮಾಳವ್ವ, ‘ಬ್ಯಾಡ್ರಿ ಸರ, ಎಲ್ಲಾರ ಜೋಡಿ ಆದಂಗಾಗಲಿ’ ಎನ್ನಬಹುದು, ಆ ಮಾತಿನ ನೆರಳಿನಲ್ಲಿ ನಾನೂ ಒಂದಿಷ್ಟು ದೊಡ್ಡವನಾಗಿ ನಿಲ್ಲಬಹುದು ಎಂದು. ಅವಳು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟಳು. “ಮಾಡಸ್ರಿ ಸರ! ಲಗೂನ ಮಾಡಸ್ರಿ. ಅಕ್ಕಾರ, ಇಕಾ ನೋಡ್ರಿ ನನ್ನ ನಂಬರ,” ಎಂದು ಸುಮಾಳಿಗೆ ತನ್ನ ಕೆಲಸದ ಸಂಖ್ಯೆಯನ್ನು ಹೇಳಿಯೂ ಹೇಳಿದಳು. ಹಸಿದವರು ಊಟದ ಮುಂದೆ ಉದಾತ್ತ ಮಾತಾಡಬೇಕೆಂದು ಬಯಸಿದ ಉಂಡವನ ಹೊಟ್ಟೆಗೆ ಏನೆನ್ನೋಣ!

ಸುಮಾ ಬಾಗಿಲ ಕಡೆ ನೋಡಿದಳು. “ಪ್ರಿನ್ಸಿಪಾಲರಿಗೆ ಗೊತ್ತಾದ್ರ ಕಾಕಾ? ಹುಡುಗ್ರದು ಒಂದೂ ಅಲ್ಲಿ ಹಾಕಬಾರದು ಅಂತ ಕಟ್ಟಪ್ಪಣಿ ಮಾಡ್ಯಾರ. ನಿಂದು ಹಾಕಿದ್ದ ಅವರಿಗೆ ಗೊತ್ತಿಲ್ಲ.”

“ನನ್ನ ಹೆಸರು ಹೇಳು.”

“ನಿನ್ನ ಹೆಸರು ಹೇಳಿದ್ರ ನನ್ನ ನೌಕರಿ ಹೊಕ್ಕೈತಿ. ಅದನ್ನೂ ಹೇಳಲೇನು?” ಎಂದಳು. ಆದರೂ ಒಂದು ಸಾಲಿನ ಆಜ್ಞೆ ಬರೆದಳು.

ನನಗೆ ಸೋಜಿಗವಾದದ್ದು ಇದು: ಮಾಳವ್ವನ ಕೆಲಸವನ್ನು ನಿಲ್ಲಿಸಲಿಲ್ಲ. ಓಡುತ್ತಿದ್ದದ್ದನ್ನು ಓಡುತ್ತಿದ್ದ ಹಾಗೆಯೇ ಎತ್ತಿ ಆಚೆಯ ಪೂಲಿನಲ್ಲಿ ಇಟ್ಟಳು. ಮನುಷ್ಯರ ಪಂಕ್ತಿಯಲ್ಲಿ ಉಣ್ಣುತ್ತಿರುವವನನ್ನು ಎಲೆಯ ಮುಂದಿಂದ ಎಬ್ಬಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಇಲ್ಲಿ ಎದ್ದದ್ದೂ ಕೂತದ್ದೂ ಉಣ್ಣುವವನಿಗೇ ಗೊತ್ತಾಗುವುದಿಲ್ಲ. ತುತ್ತು ಬಾಯಿಗೆ ಹೋಗುತ್ತಲೇ ಇರುತ್ತದೆ. ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಹಳೆಯ ಊರಿನ ಓಣಿಗಳನ್ನು ಮುಟ್ಟಿದಾಗ ನಾವು ಈ ನವನಗರಕ್ಕೆ ಬಂದೆವಲ್ಲ, ನಾವೂ ಓಡುತ್ತಿದ್ದ ಊರೇ. ಅರ್ಧ ಹೊಲಿದ ಅಂಗಿ, ಅರ್ಧ ಓದಿದ ಇಯತ್ತೆ, ಅರ್ಧಕ್ಕೆ ಬಿಟ್ಟ ಜಗಳ ಎಲ್ಲವನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಸೆಕ್ಟರುಗಳಲ್ಲಿ ಇಳಿದೆವು. ಆದರೆ ನಮಗೆ ಗೊತ್ತಾಯಿತು. ಇವತ್ತಿಗೂ ಕೆಲವರ ತುತ್ತು ಗಂಟಲಲ್ಲೇ ಇದೆ.

ಮಾಳವ್ವನ ಪರದೆಯ ಮೇಲೆ ಊರುಗಳ ಹೆಸರು ಬೀಳುವ ವೇಗವೇ ಬದಲಾಯಿತು. ಕುರಿಗಳು ಅಮೀನಗಡ ದಾಟಿದವು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಇಷ್ಟೂ ಹೊತ್ತು ಪಕ್ಕದಲ್ಲೇ ಕೂತು ನೋಡುತ್ತಿದ್ದ ಮಹಾಂತೇಶ ಆಗ ಬಾಯಿಬಿಟ್ಟ. “ಸರ, ನಂದೂ ಒಂದ್ ಎತ್ತಿ ಕೂಡಸ್ರಲಾ. ಮೂಲ್ಯಾಗ ಗಪ್ಪ ಕುಂತು ಉಣ್ತೇನ್ರಿ, ಯಾರಿಗೂ ಹೇಳೂದಿಲ್ಲ.”

ಎಲ್ಲರೂ ನಕ್ಕೆವು. ಅವನೂ ನಕ್ಕ. ನಗು ಮುಗಿದ ಮೇಲೂ ಅವನು ನನ್ನನ್ನೇ ನೋಡುತ್ತಿದ್ದ.

“ಇಲ್ಲಪಾ, ಆಗೂದಿಲ್ಲ. ಒಂದು ಹಾಕಿದ್ದ ಭಾಳ ಆತು,” ಎಂದಳು ಸುಮಾ.

ಅಲ್ಲಿಯವರೆಗೆ ನನಗೆ ಗೊತ್ತಿಲ್ಲದೆ ಭೇದ ನಡೆದಿತ್ತು. ಈಗ ಗೊತ್ತಿದ್ದೇ ನಡೆಯಿತು, ನನ್ನ ಬಾಯಿಂದಲೇ. ನಾನು ಬೈದು ಅವಮಾನಿಸಿದವಳು ಎಂಬ ಕಾರಣಕ್ಕೆ ಮಾಳವ್ವನಿಗೆ ಎಲೆ ಸಿಕ್ಕಿತು. ನನ್ನಿಂದ ಬೈಸಿಕೊಳ್ಳುವ ಭಾಗ್ಯ ಮಹಾಂತೇಶನಿಗೆ ಇರಲಿಲ್ಲ. ಇದ್ದ ದಾರಿ ಒಂದೇ. ಪ್ರಾಚಾರ್ಯರ ಬಳಿ ಹೋಗಿ, ಶನಿವಾರದವರೆಗಾದರೂ ಎರಡು ಪೂಲಿನ ನಡುವಿನ ಗೋಡೆ ತೆಗೆದು ನಾಲ್ಕೂ ಪ್ರೊಸೆಸರನ್ನು ಎಲ್ಲರಿಗೂ ಕೊಡಿರಿ ಎಂದು ಕೇಳುವುದು. ಮರುದಿನ ಬೆಳಿಗ್ಗೆ ಹೋದೆ.

“ಬರ್ರಿ ಬರ್ರಿ, ಶಬ್ದದ ಸಾವಕಾರ್ರು!” ಎಂದು ಅವರು ಕುರ್ಚಿ ತೋರಿಸಿದರು. “ನಿಮ್ಮ ಕೆಲಸದ ಬಗ್ಗೆ ಕಾಲೇಜಿನ ಕಮಿಟಿಯೊಳಗ ಹೇಳೇನಿ. ಭಾಳ ಖುಷಿ ಪಟ್ರು. ಮಷೀನ ಚೊಲೋ ನಡದೈತೇನು? ಏನರ ತೊಂದ್ರಿ ಐತಿ?”

ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ, ನಿಮಗಿದು ಹೇಗೆ ಗೊತ್ತಾಯಿತು ಎಂದು ಕೇಳುತ್ತಾರೆ. ಅಲ್ಲಿಂದ ಸುಮಾಳ ಹೆಸರಿಗೆ ಒಂದೇ ಹೆಜ್ಜೆ. ಹೀಗೆ ಸುಮಾಳನ್ನು ಮುಂದೆ ನಿಲ್ಲಿಸಿ ಅವಳ ಬೆನ್ನ ಹಿಂದೆ ನಾನು ನಿಂತೆ. ಕಮಿಟಿಯವರ ಖುಷಿ ಕೆಡಬಾರದೆಂಬ ಆಸೆಯೂ ಅಷ್ಟಿಷ್ಟು ಇತ್ತೆಂಬುದನ್ನು ಹೇಗೆ ಮರೆಮಾಡಲಿ?

“ಏನೂ ತೊಂದ್ರಿ ಇಲ್ರಿ. ಚೊಲೋ ನಡದೈತ್ರಿ,” ಎಂದೆ. ಅವರು ಚಹಾ ತರಿಸಿದರು. ಕುಡಿದು ಬಂದೆ.

ಶನಿವಾರ ಪರೀಕ್ಷಕರು ಬಂದರು. ಅವರೂ ಬಾಗಿಲಲ್ಲಿ ಬೂಟು ಬಿಚ್ಚಿದರು. ಮಾಳವ್ವ ತನ್ನ ಕುರಿಗಳ ಹಾದಿಯನ್ನು ತೋರಿಸಿದಾಗ ಅವರು ಮೆಚ್ಚಿ, “ನಿಮ್ಮ ಅಪ್ಪಾರು ಈ ಹಾದಿ ಒಪ್ಪತಾರೇನವ್ವಾ?” ಎಂದು ಕೇಳಿದರು. “ಇಲ್ರಿ. ಅದ್ರಾಗ ನಾಯಿ ಕಾಟ ಲೆಕ್ಕ ಹಿಡದಿಲ್ಲ ಅಂತಾನ್ರಿ,” ಎಂದಳು. ಕೋಣೆಯೆಲ್ಲ ನಕ್ಕಿತು. ಮಹಾಂತೇಶನ ಪರದೆಯ ಮೇಲೆ ದಡಿಯ ಬಣ್ಣಗಳು ಇನ್ನೂ ಒಂದೊಂದೇ ಕೂಡಿ ಬಿಡುತ್ತಿದ್ದವು. ಪರೀಕ್ಷಕರು ಒಳ್ಳೆಯವರು, ಬಹಳ ಹೊತ್ತು ಕಾದರು. ಬರೆದ ರೀತಿಯನ್ನು ಓದಿ ನೋಡಿ ಚೆನ್ನಾಗಿದೆ ಎಂದರು. ಕೊನೆಗೆ, ಉತ್ತರವೇ ಇಲ್ಲದೆ ಅಂಕ ಹೇಗೆ ಕೊಡಲಿ ತಮ್ಮಾ, ಮುಂದಿನ ಸಲ ನೋಡೋಣ ಎಂದು ಎದ್ದರು. ಅವನು ಅವರನ್ನು ಬಾಗಿಲವರೆಗೆ ಕಳಿಸಿ ಬಂದ. ನಾನು ಮೂಲೆಯಲ್ಲಿ ನಿಂತು, ಖಾಲಿ ಪಂಕ್ತಿಯಲ್ಲಿ ಸುಮ್ಮನೆ ಕೂತಿದ್ದ ಆ ಪ್ರೊಸೆಸರುಗಳನ್ನು ನೆನೆಯುತ್ತಿದ್ದೆ. ಯಾರೂ ಉಣ್ಣದ ಅನ್ನ ಹಳಸಿದರೆ ವಾಸನೆಯಾದರೂ ಬರುತ್ತದೆ. ಯಾರೂ ಬಳಸದ ಹೊತ್ತು ಹಳಸಿದ್ದು ಯಾರ ಮೂಗಿಗೂ ಬಡಿಯುವುದಿಲ್ಲ.

ಆಮೇಲೆ ನಾನು ಪದಗಳನ್ನು ಸಾಮಾನ್ಯರ ಪೂಲಿನಲ್ಲೇ ಎಣಿಸಿದೆ. ನನ್ನ ಚಹಾ ಆರಿ, ಕೆನೆಗಟ್ಟಿ, ಅದರಲ್ಲಿ ನೊಣ ಬಿದ್ದಿರುತ್ತಿತ್ತು. ಇದನ್ನು ಪ್ರಾಯಶ್ಚಿತ್ತವೆಂದುಕೊಳ್ಳುವ ಹುಕಿ ನನಗೂ ಬಂದದ್ದುಂಟು. ಆದರೆ ಆ ನೊಣ ಬಿದ್ದ ಚಹಾದಿಂದ ಯಾರ ಬಾಯೂ ಸಿಹಿಯಾಗಲಿಲ್ಲ. ನಾನು ಎದ್ದು ಬಂದ ಜಾಗ ಖಾಲಿಯೇ ಇತ್ತು. ಸಾಮಾನ್ಯರ ಪಂಕ್ತಿಯಲ್ಲಿ ಇನ್ನೊಬ್ಬ ಉಣ್ಣುವವನು ಹೆಚ್ಚಾದ, ಅಷ್ಟೇ. ತರಗತಿಯಲ್ಲಿ ಆ ಪದ ಬಂದಾಗ ಈಗಲೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಮೊದಲಿಗಿಂತ ಸಣ್ಣ ಅಕ್ಷರದಲ್ಲಿ ಬರೆಯುತ್ತೇನೆ, ಕೆಳಗೆ ಗೆರೆ ಎಳೆಯುವುದಿಲ್ಲ.

ಅರ್ಧ ವರ್ಷದ ಮೇಲೆ ಒಂದು ಬೆಳಿಗ್ಗೆ ಅಮೀನಗಡದಲ್ಲಿ ಬಾಗಲಕೋಟೆಯ ಬಸ್ಸು ಹತ್ತಿದೆ. ಇಳಕಲ್ಲಿನಿಂದ ಬಂದ ಬಸ್ಸು ಕಿಕ್ಕಿರಿದಿತ್ತು. ಕಂಬ ಹಿಡಿದು ನಿಲ್ಲುವಷ್ಟರಲ್ಲಿ, “ಸರ, ಇಲ್ಲಿ ಬರ್ರಿ, ಕೂಡ್ರಿ,” ಎಂಬ ದನಿ ಕೇಳಿಸಿತು. ಮಹಾಂತೇಶ ಎದ್ದು ನಿಂತಿದ್ದ.

“ಇರಲಿ ಬಿಡಪಾ, ನೀ ಕುಂದ್ರು. ಎಲ್ಲಿಗೆ ಹೊಂಟಿ?”

“ಕಾಲೇಜಿಗ್ರಿ. ಇವತ್ತ ನಂದು ಪರೀಕ್ಷಾ ಐತ್ರಿ, ಆವತ್ತು ಉಳಿದಿತ್ತಲ್ರಿ, ಅದ. ನೀವು ಕೂಡ್ರಿ ಸರ, ನೀವು ನಿಂತ ಬರೂದು ನನಗ ಚಂದ ಕಾಣೂದಿಲ್ಲ.”

ಹಿಂದಿನಿಂದ ಜನ ನೂಕುತ್ತಿದ್ದರು. ನಾನು ಕೂತೆ. ಅವನು ಹೆಗಲ ಚೀಲವನ್ನು ಎದೆಗೆ ಒತ್ತಿಕೊಂಡು ಬಾಗಲಕೋಟೆಯವರೆಗೂ ನನ್ನ ಪಕ್ಕದಲ್ಲಿ ನಿಂತೇ ಬಂದ.